ಬಯಕೆಯ ಗಡಿಗೆಗೆ ಕಾರಿನ ಸರಳು

ಹೋದ ತಿಂಗಳು ಅರ್ಧ ಗಡಿಗೆ ಬಂಗಡೆ ಮೀನಿನ ಸಾರು ನಮ್ಮ ಕಾರಿನ ಸೀಟಿಗೆ ಊಟವಾಯಿತು. ಬಸುರಿ ಮೊಮ್ಮಗಳಿಗೆ ಸಿಕ್ಕಿದ್ದು ಉಳಿದರ್ಧ.

ಮೊಮ್ಮಗಳು ವೀಣಾಳನ್ನು ಕತಗಾಲಕ್ಕೆ ಕೊಟ್ಟಿದ್ದೇವೆ. ಮಂಕಿಯಿಂದ ಅವಳನ್ನು ನೋಡಲು ಹೊರಟಾಗ ಮೀನಿನ ಹಸಿ ವಾಸನೆ ಕಳೆಯುವ ಜುಮ್ಮನಕಾಯಿ ಹಾಕಿದ ಸಾರನ್ನು ಗಡಿಗೆಯಲ್ಲಿಟ್ಟುಕೊಂಡು ಹೋಗಿದ್ದೆ. ಕುಮಟೆ ದಾಟಿ ಶಿರಸಿ ರಸ್ತೆ ಹಿಡಿದದ್ದೇ ತಡ, ಒಂದೊಂದು ತಿರುವಿಗೂ ಕಾರು ಕುಡಿದವನ ಹಾಗೆ ವಾಲಿತು. ಬಾಗಿಲಲ್ಲಿ ವೀಣಾಳ ಅತ್ತೆ ಸಾವಿತ್ರಿ ಗಡಿಗೆಯೊಳಗೆ ಇಣುಕಿದಳು.

"ಅರ್ಧ ಗಡಿಗೆ ಎಂತಕ್ಕೆ ಬೀಗ್ತಿ? ಮಂಕೀಲಿ ಮೀನಿಗೆ ಬರ ಬಂತಾ?"

ಸುಮ್ಮನಿದ್ದೆ. (ನಾನು ಸುಮ್ಮನಿದ್ದೆನೆಂದರೆ ನಮ್ಮ ಕೇರಿಯಲ್ಲಿ ಯಾರೂ ನಂಬುವುದಿಲ್ಲ.) ಈ ತಿಂಗಳು ವೀಣಾಳ ಬಯಕೆ ಊಟ ಇತ್ತು. ನಮ್ಮ ಮನೆಯ ರೂಢಿ ಹೀಗೆ: ಬಯಕೆಯ ಗಡಿಗೆ ಕಂಠದವರೆಗೆ ತುಂಬಿರಬೇಕು, ತವರಿನ ಹಿರಿಯ ಹೆಂಗಸಿನ ಮಡಿಲಲ್ಲೇ ಹೋಗಬೇಕು, ದಾರಿಯಲ್ಲಿ ಕೆಳಗಿಡಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಯ್ಯಬಾರದೇ ಎಂದು ಕೇಳುವವರು ಡಬ್ಬಿಯ ಸಾರನ್ನೇ ಉಣ್ಣಿ, ನನ್ನ ತಲೆ ತಿನ್ನಬೇಡಿ.

ಇನ್ನೊಮ್ಮೆ ಅರ್ಧ ಗಡಿಗೆ ಹಿಡಿದು ಸಾವಿತ್ರಿಯ ಬಾಗಿಲಲ್ಲಿ ನಿಲ್ಲುವುದೇ? ಅದಕ್ಕಿಂತ ನಡೆದೇ ಹೋಗುತ್ತೇನೆ ಅಂದೆ ಸೊಸೆಗೆ.

ಸೊಸೆ ಸುಮಿತ್ರಾ ವೀಣಾಳ ತಾಯಿ. ಸೆಕೆಂಡ್ ಹ್ಯಾಂಡ್ ಕಾರು ಅವಳದೇ, ಓಡಿಸುವವಳೂ ಅವಳೇ. ತನ್ನ ಡ್ರೈವಿಂಗ್‌ನಲ್ಲಿ ತಪ್ಪಿದೆಯೆಂದು ಒಪ್ಪುವ ಜನ ಅಲ್ಲ. ಸೀದಾ ಹೊನ್ನಾವರದ ಗ್ಯಾರೇಜಿಗೆ ಹೋದಳು. ನಾನೂ ಹೋದೆ. ಮೆಕ್ಯಾನಿಕ್ ಕಾರಿನ ಹಿಂಬದಿಯ ಅಡಿಯಿಂದ ಒಂದು ಬಾಗಿದ ಕಬ್ಬಿಣದ ಸರಳು ಬಿಚ್ಚಿ, ಅದಕ್ಕಿಂತ ದಪ್ಪದ್ದೊಂದನ್ನು ತೋರಿಸಿದ. ಸ್ವೇ ಬಾರ್ ಅಂತೆ.

"ಅಮ್ಮ, ಈ ಸರಳು ಎಡಗಡೆ ಚಕ್ರಕ್ಕೂ ಬಲಗಡೆ ಚಕ್ರಕ್ಕೂ ಗಂಟು ಹಾಕ್ದ ಹಾಗೆ. ತಿರುವಲ್ಲಿ ಕಾರು ಒಂದ್ಬದಿಗೆ ಕೂರೂಕೆ ಬಿಡೂದಿಲ್ಲ. ದಪ್ಪ ಹಾಕಿದ್ರೆ ವಾಲೂದು ಇನ್ನೂ ಕಮ್ಮಿ."

"ಹೊಂಡಕ್ಕೆ ಬಿದ್ರೆ?" ಕೇಳಿದೆ.

"ಹೊಂಡಕ್ಕೆ ಇದ್ರಿಂದ ಉಪಕಾರ ಇಲ್ಲ. ಒಂದು ಚಕ್ರ ಬಿದ್ರೆ ಇನ್ನೊಂದಕ್ಕೂ ಪೆಟ್ಟು ತಾಗ್ತದೆ. ಮಳೇಲಿ ಜೋರು ತಿರುಗಿಸ್ಬೇಡಿ, ಹಿಂಬದಿ ಜಾರೀತು."

"ಅತ್ತೆ ಸೊಸೆ ಒಂದೇ ಮನೇಲಿ ಇದ್ದ ಹಾಗೆ ಅನ್ನು" ಎಂದೆ.

ಸುಮಿತ್ರಾ ಮೊಬೈಲ್ ನೋಡುತ್ತಿದ್ದವಳು ತಲೆ ಎತ್ತಲಿಲ್ಲ. "ಹಾಕಿ, ದಪ್ಪದ್ದೇ ಹಾಕಿ" ಅಂದಳು.

ಬಯಕೆಯ ದಿನ ಬೆಳಿಗ್ಗೆ ಹೊರಟೆವು. ಗಡಿಗೆ ನನ್ನ ಮಡಿಲಲ್ಲಿ, ಬಾಯಿಗೆ ಬಾಳೆಎಲೆ ಕಟ್ಟಿತ್ತು. ಹೆದ್ದಾರಿಯಲ್ಲಿ ಒಂದು ಹನಿಯೂ ಅಲ್ಲಾಡಲಿಲ್ಲ. ಕುಮಟೆ ದಾಟಿತು. ಬಲಕ್ಕೆ ಮೊದಲ ತಿರುವು ಬಂತು. ಸಾರು ಚೆಲ್ಲಿತು! ಬಿಸಿಬಿಸಿಯಾಗಿ, ನನ್ನ ತೊಡೆಯ ಮೇಲೆ.

"ನಿಲ್ಸೇ ಮಾರಾಯ್ತಿ! ಎಂತ ಸರಳು ಇದು? ದುಡ್ಡು ನೀರಿಗೆ ಹೋತು!"

ಸುಮಿತ್ರಾ ನಿಲ್ಲಿಸಿ ಹಿಂದೆ ತಿರುಗಿದಳು. "ಅತ್ತೆ, ಕಾರು ವಾಲ್ಲೇ ಇಲ್ಲ. ಕನ್ನಡೀಲಿ ನೋಡ್ದೆ. ವಾಲಿದ್ದು ನೀವು."

ನಾನೇ?

ನಾನೇ. ಹುಟ್ಟಿದ್ದು ತದಡಿಯಲ್ಲಿ. ದೋಣಿಯಲ್ಲಿ ಹೊಳೆ ದಾಟಿ ಬೆಳೆದವಳು. ದೋಣಿ ಎಡಕ್ಕೆ ವಾಲಿದರೆ ನಾವೆಲ್ಲ ಬಲಕ್ಕೆ ಸರಿಯಬೇಕು, ಇಲ್ಲದಿದ್ದರೆ ಮೀನಿನ ಬುಟ್ಟಿಯ ಜೊತೆ ನಾವೂ ನೀರಿಗೆ. ಯಾರೂ ಹೇಳಬೇಕಾಗಿರಲಿಲ್ಲ, ಕುಂಡೆಗೇ ಗೊತ್ತಿತ್ತು. ಕಾರು ಬಲಕ್ಕೆ ತಿರುಗಿದೊಡನೆ ಇನ್ನು ಎಡಕ್ಕೆ ವಾಲುತ್ತದೆಂದು ನನ್ನ ಮೈ ಬಲಕ್ಕೆ ಬಿತ್ತು. ಕಾರು ನೆಟ್ಟಗೇ ಇತ್ತು. ಗಡಿಗೆ ಸೊಟ್ಟಗಾಯಿತು.

ನಗಬೇಡಿ. ನಿಮ್ಮಲ್ಲಿ ಹೀಗೆ ಮಾಡುವವರು ಇಲ್ಲವೇ? ತಂಗಿ ಭಟ್ಕಳದಲ್ಲಿದ್ದಾಳೆ. ಅವಳೊಡನೆ ಮೊಬೈಲಿನಲ್ಲಿ ನಾನು ಈಗಲೂ ಕಿರುಚಿಯೇ ಮಾತಾಡುವುದು. ಹಳೇ ಫೋನಿನಲ್ಲಿ ಕಿರುಚದಿದ್ದರೆ ಕೇಳುತ್ತಲೇ ಇರಲಿಲ್ಲವಲ್ಲ! ಅಪಾಯ ಹೋಗಿ ಎಷ್ಟೋ ಕಾಲವಾಗಿರುತ್ತದೆ, ನಾವು ಮಾತ್ರ ಇನ್ನೊಂದು ಬದಿಗೆ ಸರಿದು ಕೂತಿರುತ್ತೇವೆ.

ಅಲ್ಲಿಂದ ಮುಂದೆ ಸುಮಿತ್ರಾ ಬಸ್ಸಿನ ಕಂಡಕ್ಟರಾದಳು. "ಎಡಕ್ಕೆ ತಿರುವು ಅತ್ತೆ, ಅಲ್ಲಾಡ್ಬೇಡಿ... ಹೊಂಡ ಬಂತು, ನಿಧಾನ ಹೋಗ್ತೆ... ಬಲಕ್ಕೆ, ಉಸ್ರು ಹಿಡೀರಿ!" ಕಲ್ಲಿನ ಗೊಂಬೆ ಹಾಗೆ ಕೂತೆ. ಮನುಷ್ಯರಿಗೆ ಸುಮ್ಮನೆ ಕೂರುವುದಕ್ಕಿಂತ ಕಷ್ಟದ ಕೆಲಸ ಇಲ್ಲ, ಬರೆದಿಟ್ಟುಕೊಳ್ಳಿ. ಒಂದು ಹೊಂಡದಲ್ಲಿ ಮೆಕ್ಯಾನಿಕ್ ಹೇಳಿದ ಪೆಟ್ಟು ಸೊಂಟಕ್ಕೆ ಸರಿಯಾಗಿಯೇ ಸಿಕ್ಕಿತು. ಗಡಿಗೆಯನ್ನು ಮಾತ್ರ ಬಿಡಲಿಲ್ಲ.

ಕತಗಾಲ ಬಂತು. ಮೊದಲ ತಿರುವಿನಲ್ಲಿ ಹೋದ ಅರ್ಧ ಸೌಟು ಬಿಟ್ಟರೆ ಗಡಿಗೆ ಕಂಠದವರೆಗೂ ಇತ್ತು. ಎದೆ ಎತ್ತಿ ಇಳಿದೆ. ಸಾವಿತ್ರಿ ಬಾಳೆಎಲೆ ಸರಿಸಿ ನೋಡಿದಳು. ನೋಡುತ್ತಲೇ ಇದ್ದಳು.

"ಈ ಸಲ ತುಂಬೇ ಇತ್ತಲ್ಲ ಬೀಗ್ತಿ! ದಾರೀಲಿ ಎಲ್ಲಿ ನೀರು ಹೊಯ್ಕಂಡ್ರಿ?"

"ನೀರಾ? ನನ್ನ ಸೀರೆ ಮೂಸಿ ನೋಡೇ, ನೀರೋ ಸಾರೋ ಗೊತ್ತಾಗ್ತದೆ!"

ಒಳಗೆ ಬಡಿಸುತ್ತಲೇ ವೀಣಾ ಬೆರಳು ನೆಕ್ಕತೊಡಗಿದಳು. ಎರಡನೇ ಸಲ ಬಡಿಸಿಕೊಂಡಳು. ನನಗೆ ಅಷ್ಟು ಸಾಕು.

ಕಾರು ವಾಲದ ಹಾಗೆ ಹಿಡಿಯುವ ಸರಳು ಹೊನ್ನಾವರದಲ್ಲಿ ಸಿಗುತ್ತದೆ. ಬೀಗಿತ್ತಿಯ ನಾಲಿಗೆಗೆ ಹಾಕುವ ಸರಳು ಯಾವ ಗ್ಯಾರೇಜಿನಲ್ಲಿ ಸಿಗುತ್ತದೆ, ಹೇಳಿ?