ಮೂಸುವುದಕ್ಕೆ ಮಾತ್ರ

ಕರಡಿ ಬರಬಹುದಿತ್ತು. ಹೊಕ್ಕೈಡೋದ ಕಾಡಂಚಿನ ದಾರಿಗಳಲ್ಲಿ ಕರಡಿ ಇದೆ ಎಂದು ಬೋರ್ಡೇ ಹಾಕಿರುತ್ತಾರೆ, ಪಕ್ಕದಲ್ಲಿ ಅದರ ಚಿತ್ರ. ಚಿತ್ರದ ಕರಡಿ ನಗುತ್ತಿರುತ್ತದೆ. ನನಗೆ ಹೆಚ್ಚು ಭಯವಾದದ್ದು ಆ ನಗು ನೋಡಿಯೇ. ಜಲ್ಲಿಕಲ್ಲಿನ ಇಳಿಜಾರಿನಲ್ಲಿ ಗಾಬರಿಬಿದ್ದು ಮುಂದಿನ ಬ್ರೇಕು ಒತ್ತಿ ನಾನು ಹ್ಯಾಂಡಲ್ ದಾಟಿ ಹಾರಬಹುದಿತ್ತು. ಕಣಜ ಕಚ್ಚಬಹುದಿತ್ತು, ಹುಲ್ಲಿನಿಂದ ಉಣ್ಣಿ ಹತ್ತಬಹುದಿತ್ತು, ಎರಡೂ ಸೈಕಲ್ಲು ಒಟ್ಟಿಗೇ ಪಂಕ್ಚರಾಗಬಹುದಿತ್ತು, ಅದೂ ಮೊಬೈಲಿಗೆ ಸಿಗ್ನಲ್ ಸಿಗದ ಕಡೆ. ಐವತ್ತು ದಾಟಿದ ನನ್ನ ಮಂಡಿ ಅರ್ಧ ಏರಿನಲ್ಲಿ ರಾಜೀನಾಮೆ ಕೊಡಬಹುದಿತ್ತು. ಗೊತ್ತಿಲ್ಲದೆ ಯಾರದೋ ಆಲೂಗಡ್ಡೆ ಹೊಲದೊಳಗೆ ಕಾಲಿಟ್ಟು, ನಮ್ಮ ಬೂಟಿನ ಮಣ್ಣಿನಿಂದ ಬೆಳೆಗೆ ರೋಗ ಹತ್ತಿ, ಸಂಜೆಯ ಸ್ಥಳೀಯ ಸುದ್ದಿಯಲ್ಲಿ ನನ್ನ ಮುಖ ಬರಬಹುದಿತ್ತು.

ಇದನ್ನೆಲ್ಲ ಹೊರಡುವ ಮುಂಚೆ ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತ ಪೂರ್ತಿ ಕೇಳಿಸಿಕೊಂಡಳು. "ಇಷ್ಟೆಲ್ಲಾ ಆಗೋಕೆ ಎರಡು ದಿನ ಎಲ್ಲಿ ಸಾಕಾಗತ್ತೆ ರೀ? ಒಂದು ವಾರ ಲೀವ್ ಹಾಕಿ," ಅಂದಳು.

ನಾವಿರುವುದು ಯೋಕೋಹಾಮಾದಲ್ಲಿ. ನಾನು ದಿನಾ ಟೋಕಿಯೋಗೆ ಟ್ರೈನಿನಲ್ಲಿ ನಿಂತು ಹೋಗಿ ನಿಂತೇ ವಾಪಸು ಬರುವ ಇಂಜಿನಿಯರು. ಮಗಳು ಓದಲು ಫುಕುವೋಕಾಕ್ಕೆ ಹೋದ ಮೇಲೆ ಮನೆಯಲ್ಲಿ ಭಾನುವಾರಗಳು ವಿಪರೀತ ಉದ್ದವಾದವು. ಅದಕ್ಕೇ ಎರಡು ಸೈಕಲ್ಲು ಕೊಂಡೆವು: ಟೈರು ದಪ್ಪ, ಹ್ಯಾಂಡಲ್ಲು ಬಾಗಿದ್ದು, ಮಣ್ಣು ಜಲ್ಲಿ ಎಲ್ಲದಕ್ಕೂ ಆಗುವಂಥದ್ದು. ನದಿ ದಂಡೆಯ ಮೇಲೆ ಅವಳು ಮುಂದೆ, ನಾನು ಹಿಂದೆ. ಹಿಂದೆ ಇದ್ದರೆ ಅವಳು ಬಿದ್ದದ್ದು ನನಗೆ ಕಾಣುತ್ತದೆ ಎನ್ನುವುದು ನನ್ನ ಲೆಕ್ಕ. ಬಿದ್ದವನು ಯಾವಾಗಲೂ ನಾನೇ.

ಹೊಕ್ಕೈಡೋದ ಫುರಾನೋಗೆ ಹೋಗೋಣ ಎಂದದ್ದು ಅವಳು. ಯಾಕೆ ಎಂದು ಹೇಳಬೇಕಾದರೆ ಅವಳ ಮೂಗಿನ ವಿಷಯ ಹೇಳಬೇಕು.

ಎರಡು ಚಳಿಗಾಲದ ಹಿಂದೆ ಅವಳಿಗೆ ಜ್ವರ ಬಂತು. ಎಲ್ಲರಿಗೂ ಬಂದ ಹಾಗೇ ಬಂದು, ಎಲ್ಲರಿಗೂ ಹೋದ ಹಾಗೇ ಹೋಯಿತು. ಹೋಗುವಾಗ ಅವಳ ವಾಸನೆ ಹಿಡಿಯುವ ಶಕ್ತಿಯನ್ನೂ ಕೊಂಡೊಯ್ದಿತು. ಮೊದಲ ವಾರ ತಮಾಷೆ ಮಾಡಿದೆವು. ಇನ್ನು ಮೇಲೆ ನನ್ನ ಸಾಕ್ಸ್ ಬಗ್ಗೆ ದೂರು ಬರುವುದಿಲ್ಲ ಎಂದು ನಾನೇ ಹೇಳಿದ್ದು ನೆನಪಿದೆ. ಆಮೇಲೆ ಒಗ್ಗರಣೆ ಸೀಯತೊಡಗಿತು. ಇಂಗು ಹಾಕಿದಳೋ ಇಲ್ಲವೋ ಅವಳಿಗೇ ಗೊತ್ತಾಗುತ್ತಿರಲಿಲ್ಲ. ಒಮ್ಮೊಮ್ಮೆ ಎರಡು ಸಲ ಬೀಳುತ್ತಿತ್ತು. ಸಾರು ಕುದಿ ಬಂದಾಗ ಪಕ್ಕದ ಕೋಣೆಯಿಂದಲೇ "ಆಯ್ತು, ಆಫ್ ಮಾಡಿ" ಎನ್ನುತ್ತಿದ್ದವಳು ಪಾತ್ರೆಯ ಮುಂದೆ ನಿಂತು ನನ್ನನ್ನು ಕರೆಯತೊಡಗಿದಳು. ನಾನು ಗ್ಯಾಸ್ ಸೋರಿದರೆ ಕೂಗುವ ಅಲಾರಾಂ ತಂದು ಅಡುಗೆಮನೆಗೆ ಹಾಕಿದೆ. ಒಂದು ಕೆಟ್ಟರೆ ಇರಲಿ ಎಂದು ಇನ್ನೊಂದನ್ನೂ ಹಾಕಿದೆ. ಅವಳು ಎರಡನ್ನೂ ಒಂದೊಂದಾಗಿ ನೋಡಿದಳು.

ಅವಳಿಗೆ ಅದಕ್ಕಿಂತ ದೊಡ್ಡ ಚಿಂತೆ ಟ್ರೈನಿನದು. ಈ ಊರಿನ ಟ್ರೈನಿನಲ್ಲಿ ಯಾರೂ ಯಾರ ವಾಸನೆಯ ಬಗ್ಗೆಯೂ ಮಾತಾಡುವುದಿಲ್ಲ, ಮೆಲ್ಲಗೆ ಎದ್ದು ಬೇರೆ ಕಡೆ ಹೋಗಿ ನಿಲ್ಲುತ್ತಾರೆ. ಮೊದಲಾದರೆ ಒಗ್ಗರಣೆಗೆ ಮುಂಚೆ ಕೋಟುಗಳನ್ನೆಲ್ಲ ಒಳಗಿಟ್ಟು ಬಾಗಿಲು ಹಾಕಿ, ಹೊರಡುವಾಗ ತೋಳನ್ನೊಮ್ಮೆ ಮೂಸಿ ನೋಡಿ ಹೋಗುತ್ತಿದ್ದಳು. ಈಗ ಬಾಗಿಲಲ್ಲಿ ನಿಂತು ತೋಳು ನನ್ನ ಕಡೆ ಚಾಚುತ್ತಾಳೆ. ನಾನು ಮೂಸಿ, ಏನಿಲ್ಲ ಹೋಗು ಎನ್ನುತ್ತೇನೆ. ಪಕ್ಕದ ಸೀಟಿನವರು ಎದ್ದು ಹೋದ ದಿನ ಮನೆಗೆ ಬಂದವಳೇ ಸ್ನಾನ ಮಾಡುತ್ತಾಳೆ.

ಹೊಸ ವರ್ಷದ ರಜೆಗೆ ಮಗಳು ಬಂದಾಗ ಹೆಂಡತಿ ಅವಳನ್ನು ತಬ್ಬಿಕೊಂಡು ಕುತ್ತಿಗೆಯ ಹತ್ತಿರ ಮುಖ ಇಟ್ಟು ತುಂಬಾ ಹೊತ್ತು ಬಿಡಲಿಲ್ಲ. ಮಗಳು ಜಪಾನಿಯಲ್ಲಿ ಏನೋ ಅಂದು ನಕ್ಕಳು, ಉಸಿರು ಕಟ್ಟುತ್ತದೆ ಎಂದಿರಬೇಕು. ಅವಳು ವಾಪಸು ಹೋದ ಮೇಲೆ ಹೆಂಡತಿ ಪಾತ್ರೆ ಒರೆಸುತ್ತ ಹೇಳಿದಳು: "ಮಗು ಬಂದಿತ್ತು ಅನ್ನಿಸ್ಲೇ ಇಲ್ಲ ಕಣ್ರೀ. ಫೋನಲ್ಲಿ ನೋಡ್ದಂಗೇ ಇತ್ತು."

ಆಸ್ಪತ್ರೆಯಲ್ಲಿ ನಾಲ್ಕು ಚಿಕ್ಕ ಬಾಟಲಿ ಕೊಟ್ಟು ಒಂದು ಅಭ್ಯಾಸ ಹೇಳಿಕೊಟ್ಟಿದ್ದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಬೆಳಿಗ್ಗೆ ಸಂಜೆ ಒಂದೊಂದನ್ನೇ ಮೂಸುತ್ತ, ಆ ವಾಸನೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಬೇಕು. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಈ ವಸಂತದಲ್ಲಿ ಡಾಕ್ಟರು ಕಂಪ್ಯೂಟರ್ ನೋಡುತ್ತ, ಸ್ವಲ್ಪ ಕಷ್ಟ ಇರಬಹುದು ಎಂದರು. ನಾವು ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು. ಇವರು ಸ್ವಲ್ಪ ಕಷ್ಟ ಎಂದರೆ ಆಗುವುದಿಲ್ಲ ಎಂದು ಅರ್ಥ. ಇಬ್ಬರೂ ಬಗ್ಗಿ ನಮಸ್ಕರಿಸಿ ಹೊರಗೆ ಬಂದೆವು.

ಆಮೇಲೆ ಅವಳೇ ಎಲ್ಲಿಯೋ ಓದಿದಳು. ಜುಲೈನಲ್ಲಿ ಫುರಾನೋದ ಗುಡ್ಡಗಳಲ್ಲಿ ನೇರಳೆ ಲ್ಯಾವೆಂಡರ್ ಅರಳಿದಾಗ ಓಡುವ ಟ್ರೈನಿನ ಕಿಟಕಿಗೂ ಅದರ ಘಮ ಬರುತ್ತದಂತೆ. ಅಷ್ಟು ಗಾಢವಾದದ್ದು ಇನ್ನೆಲ್ಲೂ ಸಿಗುವುದಿಲ್ಲ ಎಂದಳು. "ಅಲ್ಲೂ ಬರ್ಲಿಲ್ಲ ಅಂದ್ರೆ ಆ ಬಾಟ್ಲಿ ಎಲ್ಲಾ ಎತ್ತಿಟ್ಟುಬಿಡ್ತೀನಿ. ಸಾಕಾಗಿದೆ ನಂಗೆ."

ಹಾಗಾಗಿ ಹೊರಟೆವು. ಫುರಾನೋದಲ್ಲಿ ಸೈಕಲ್ಲು ಬಾಡಿಗೆಗೆ ತೆಗೆದುಕೊಂಡೆವು. ಪ್ರವಾಸಿ ಬಸ್ಸುಗಳು ನಿಲ್ಲುವ ದೊಡ್ಡ ತೋಟ ಬೇಡ, ಗುಡ್ಡದ ಹಿಂಬದಿಯಲ್ಲಿರುವ ಚಿಕ್ಕದೊಂದಕ್ಕೆ ಜಲ್ಲಿ ದಾರಿಯಲ್ಲಿ ಹೋಗೋಣ ಎಂದು ನಾನು ದಾರಿ ಹಾಕಿದ್ದೆ. ದಾರಿ ಚೆನ್ನಾಗಿಯೇ ಇತ್ತು. ಎರಡು ಕಡೆಯೂ ಈರುಳ್ಳಿ, ಗೋಧಿ, ಬಿಳಿ ಹೂವಿನ ಆಲೂಗಡ್ಡೆ ಸಾಲು. ದೂರದಲ್ಲಿ ತುದಿಯಿಂದ ಹೊಗೆ ಬಿಡುತ್ತಿದ್ದ ಬೆಟ್ಟ. ಟೈರಿನ ಕೆಳಗೆ ಜಲ್ಲಿ ಪಾಪ್‌ಕಾರ್ನ್ ಹುರಿದ ಹಾಗೆ ಸದ್ದು ಮಾಡುತ್ತಿತ್ತು. ಏರಿನಲ್ಲಿ ಅವಳು ಪೆಡಲ್ ತುಳಿಯುತ್ತಲೇ ಹೋದಳು, ನಾನು ಸೈಕಲ್ಲು ತಳ್ಳಿಕೊಂಡು, ದ್ರಾಕ್ಷಿ ನೋಡುವವನ ಹಾಗೆ ನಟಿಸುತ್ತ ಹೋದೆ. ದ್ರಾಕ್ಷಿ ಬಳ್ಳಿಗಳು ಇಳಿಜಾರಿನುದ್ದಕ್ಕೂ ತಂತಿಗೆ ಕಟ್ಟಿಸಿಕೊಂಡು ಶಿಸ್ತಾಗಿ ನಿಂತಿದ್ದವು. ಕಾಯಿ ಇನ್ನೂ ಹಸಿರು.

ಏರಿನ ಮೇಲೆ ವೈನ್ ಮಾಡುವ ಕಟ್ಟಡವೊಂದಿತ್ತು. ನೀರು ಕುಡಿಯಲೆಂದು ಒಳಗೆ ಹೋದೆವು. ಕೌಂಟರಿನ ಹೆಂಗಸು ನಗುತ್ತ ಎರಡು ಗ್ಲಾಸು ಎತ್ತಿಕೊಂಡವಳು ನಮ್ಮ ತಲೆಯ ಹೆಲ್ಮೆಟ್ ನೋಡಿ ಕೆಳಗಿಟ್ಟಳು. ಕಾರು ಓಡಿಸುವವರ ಹಾಗೆ ಸೈಕಲ್ಲಿನವರಿಗೂ ಇಲ್ಲಿ ಕುಡಿಯುವಂತಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ. ಆದರೆ ಅಷ್ಟು ದೂರದಿಂದ ಏರು ಹತ್ತಿ ಬಂದವರನ್ನು ಬರಿಗೈಯಲ್ಲಿ ಕಳಿಸಲು ಆಕೆಗೆ ಮನಸ್ಸು ಬರಲಿಲ್ಲ. ಹಲವು ಸಲ ಸುಮಿಮಾಸೆನ್, ಕ್ಷಮಿಸಿ ಎಂದು, ತಳದಲ್ಲಿ ಒಂದು ಚಮಚದಷ್ಟು ಕೆಂಪು ವೈನ್ ಹಾಕಿ, ಗ್ಲಾಸನ್ನು ಎರಡೂ ಕೈಯಲ್ಲಿ ನನ್ನ ಹೆಂಡತಿಗೆ ಕೊಟ್ಟಳು. ಮೂಸುವುದಕ್ಕೆ ಮಾತ್ರ, ಪರಿಮಳವನ್ನಾದರೂ ಸವಿದು ಹೋಗಿ ಎಂದಳು.

ಹೆಂಡತಿ ಗ್ಲಾಸು ತೆಗೆದುಕೊಂಡಳು. ಆಕೆ ತೋರಿಸಿದ ಹಾಗೇ ಮೆಲ್ಲಗೆ ತಿರುಗಿಸಿದಳು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು. ಕೌಂಟರಿನಾಕೆ ಉತ್ಸಾಹದಿಂದ ಕಾಯುತ್ತಿದ್ದಳು. ನಾನು ಚಾವಣಿ ನೋಡಿದೆ. ತುಂಬಾ ಚೆನ್ನಾಗಿದೆ, ಅರಿಗಾತೋ ಎಂದು ಹೆಂಡತಿ ಗ್ಲಾಸು ವಾಪಸು ಕೊಟ್ಟಳು. ಹೊರಗೆ ಬಂದು ಹೆಲ್ಮೆಟ್ ಪಟ್ಟಿ ಬಿಗಿ ಮಾಡಿಕೊಳ್ಳುತ್ತ, "ನನ್ ಅದೃಷ್ಟ ನೋಡಿ, ಕುಡಿ ಅಂದಿದ್ರೆ ಕುಡಿದುಬಿಡ್ತಿದ್ದೆ," ಎಂದು ನಕ್ಕಳು. ನನಗೂ ನಗು ಬಂತು. ಆಮೇಲೆ ಅವಳು ಮುಂದೆ, ನಾನು ಹಿಂದೆ, ಇಳಿಜಾರು ಇಳಿದೆವು.

ತಿರುವು ದಾಟಿದ ಕೂಡಲೇ ಹೊಲ ಕಂಡಿತು. ಗುಡ್ಡದ ಬುಡದಿಂದ ನೆತ್ತಿಯವರೆಗೆ ನೇರಳೆ ಪಟ್ಟೆಗಳು. ಅಲ್ಲಿ ಬೇರೆ ಯಾರೂ ಇರಲಿಲ್ಲ; ನನ್ನ ದಾರಿಯ ಆಯ್ಕೆಯ ಬಗ್ಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಅವಳು ಸೈಕಲ್ಲನ್ನು ಹುಲ್ಲಿನ ಮೇಲೆ ಮಲಗಿಸಿದಳು, ಹೆಲ್ಮೆಟ್ ತೆಗೆದು ಕೂದಲು ಸರಿ ಮಾಡಿಕೊಂಡಳು. ಹೆಣ್ಣು ನೋಡಲು ಬಂದವರ ಮುಂದೆ ಹೋಗುವವಳ ಹಾಗೆ ಮೆಲ್ಲಗೆ ನಡೆದು ಹೊಲದಂಚಿನ ಹಗ್ಗದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಳು. ಹೂಗಳ ಮೇಲೆ ಮುಖ ಬಗ್ಗಿಸಿದಳು. ಅವಳ ಬೆನ್ನು ಉಸಿರಿಗೆ ಏರುವುದು ಇಳಿಯುವುದು ನನಗೆ ಹಿಂದಿನಿಂದ ಕಾಣುತ್ತಿತ್ತು. ನಾನು ಹತ್ತಿರ ಹೋಗಲಿಲ್ಲ. ಪರೀಕ್ಷೆಯ ಕೋಣೆಯ ಹೊರಗೆ ನಿಂತ ಹಾಗೆ ನಿಂತಿದ್ದೆ.

ತುಂಬಾ ಹೊತ್ತಾದ ಮೇಲೆ ತಿರುಗದೆಯೇ ಹೇಳಿದಳು: "ಬಂತು ರೀ."

"ನಿಜವಾಗ್ಲೂ?"

"ಹ್ಞೂಂ. ಸ್ವಲ್ಪ. ಹೊಸಾ ಸೋಪಿನ ಕವರ್ ಬಿಚ್ಚಿದ್ರೆ ಬರತ್ತಲ್ಲ, ಹಂಗೆ."

ನಾನು ಅವಳ ಪಕ್ಕ ಕೂತೆ. ಅವಳ ಕಣ್ಣಲ್ಲಿ ನೀರಿತ್ತು. ಅವಳ ಜೊತೆ ನಾನೂ ಮೂಸೋಣ ಎಂದು ಎದೆ ತುಂಬ ಉಸಿರು ಎಳೆದುಕೊಂಡೆ. ಏನೂ ಬರಲಿಲ್ಲ. ಒದ್ದೆ ಮಣ್ಣು, ಎಲ್ಲೋ ದೂರದ ದನದ ಕೊಟ್ಟಿಗೆ, ಅಷ್ಟೇ. ಹೂವಿಗೇ ಮೂಗು ತಾಗಿಸಿದೆ, ಹುಲ್ಲಿನ ವಾಸನೆ. ನನ್ನದೂ ಹೋಯಿತು ಎಂದುಕೊಂಡೆ. ನಮ್ಮ ಮನೆಯಲ್ಲಿ ಇನ್ನು ಮೂಗೇ ಇಲ್ಲ, ಅವಳ ಕೋಟಿನ ತೋಳನ್ನು ಯಾರು ನೋಡುತ್ತಾರೆ ಎನ್ನುವವರೆಗೂ ತಲೆ ಓಡಿತು. ಗಾಬರಿಯಲ್ಲಿ ನನ್ನ ಕೈಗವಸನ್ನೇ ಮೂಸಿ ನೋಡಿದೆ. ಬೆವರು, ಚೈನಿನ ಎಣ್ಣೆ. ಮೂಗು ಗಟ್ಟಿಮುಟ್ಟಾಗಿತ್ತು.

ಫೋಟೋ ತೆಗೀರಿ, ಮಗಳಿಗೆ ಕಳಿಸೋಣ ಎಂದಳು. ನಾನು ಎದ್ದು ಹಿಂದೆ ಹೋಗಿ ಮೊಬೈಲು ಹಿಡಿದೆ. ಆಗ ಅವಳ ಎಡಕ್ಕೆ, ಹಗ್ಗದ ಗೂಟಕ್ಕೆ ಹೊಡೆದಿದ್ದ ಚಿಕ್ಕ ಹಲಗೆ ಫೋಟೋದೊಳಗೆ ಬಂತು. ಅದರಲ್ಲಿ ಕೈಬರಹದ ಜಪಾನಿ ಅಕ್ಷರ. ಅವಳಿಗೆ ಮಾತು ನನಗಿಂತ ಚೆನ್ನಾಗಿ ಬರುತ್ತದೆ, ಓದಲು ಬರುವುದಿಲ್ಲ. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಈ ಸಲ ಬಿಸಿಲು ಹೆಚ್ಚಾಗಿ ಹೂವು ಬೇಗ ಅರಳಿದ್ದರಿಂದ ಲ್ಯಾವೆಂಡರ್ ಕೊಯ್ಲು ಹೋದ ವಾರವೇ ಮುಗಿಯಿತು, ದಯವಿಟ್ಟು ಕ್ಷಮಿಸಿ. ಈಗ ನೀವು ನೋಡುತ್ತಿರುವುದು ಸಾಲ್ವಿಯಾ ಎಂಬ ಬೇರೆ ಹೂವು. ಇದಕ್ಕೆ ಪರಿಮಳವಿಲ್ಲ, ಬಣ್ಣವನ್ನು ನೋಡಿ ಸಂತೋಷಪಡಿ.

ಅವಳು ನನಗೋಸ್ಕರ ಹೇಳಿದಳೋ, ಅವಳಿಗೆ ನಿಜವಾಗಿಯೂ ಏನೋ ಬಂದ ಹಾಗಾಯಿತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹಲಗೆ ಬರದ ಹಾಗೆ ಮೊಬೈಲನ್ನು ಸ್ವಲ್ಪ ಬಲಕ್ಕೆ ಸರಿಸಿದೆ.

ನಾನು ಓದಿದ್ದನ್ನು ಅವಳು ಗಮನಿಸಿದ್ದಳು. ಏನು ಬರೆದಿದ್ದಾರೆ ಎಂದು ಕೇಳಿದಳು.

"ಹೂವು ಕೀಳಬೇಡಿ ಅಂತ," ಅಂದೆ.

ಅವಳು ಹೂವಿನತ್ತ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.