ಬಾರದವರ ಗುಮಾಸ್ತರು
ಮನೋರೋಗ ಚಿಕಿತ್ಸಾಲಯದ ಚೀಟಿ ಗುಮಾಸ್ತರಿಗೆ ಬಂದವರಿಗಿಂತ ಬಾರದವರ ಚಿಂತೆಯೇ ಜಾಸ್ತಿ. ಹತ್ತು ಗಂಟೆಗೆ ಬರಬೇಕಾದವರು ಹತ್ತೂಕಾಲಾದರೂ ಕಾಣಿಸದಿದ್ದರೆ ಸಾಕು, ಕನ್ನಡಕ ಹಣೆಗೇರುತ್ತದೆ, ಫೋನು ಕಿವಿಗೇರುತ್ತದೆ. "ಯಾಕಮ್ಮಾ ಬರ್ಲಿಲ್ಲ? ಬೈಯೋಕಲ್ಲ, ಸುಮ್ನೆ ಕೇಳ್ದೆ" ಎನ್ನುವುದು ಅವರ ಪಲ್ಲವಿ. ಎತ್ತದಿದ್ದರೆ ರೋಗಿಯೇ ಬರೆದುಕೊಟ್ಟ ಎರಡನೇ ನಂಬರಿಗೆ, ಅಲ್ಲೂ ಎತ್ತದಿದ್ದರೆ ನರ್ಸಮ್ಮನನ್ನು ಮನೆಬಾಗಿಲಿಗೇ ಅಟ್ಟುತ್ತಾರೆ. ಒಮ್ಮೆ ಹೀಗೆ ಫೋನು ಮಾಡಿದಾಗ, "ಸಾರ್, ನಿಮ್ಮ ಎದುರಿಗೇ ನಿಂತಿದೀನಲ್ಲಾ!" ಎಂಬ ಉತ್ತರ ಬಂದು ಸಾಲಿಗೆ ಸಾಲೇ ನಕ್ಕಿತು. ಗುಮಾಸ್ತರು ಮಾತ್ರ, "ಸದ್ಯ, ಬಂದ್ರಲ್ಲ" ಎಂದು ಗುರುತು ಹಾಕಿಕೊಂಡರು. ಮನೆಯಲ್ಲೂ ಇದೇ ಗೋಳು. ತರಕಾರಿಗೆ ಹೋದ ಹೆಂಡತಿ ಹತ್ತು ನಿಮಿಷ ತಡಮಾಡುವಂತಿಲ್ಲ. ಬಾರದವರೆಲ್ಲರ ಸುದ್ದಿ ಸಿಗುವ ತನಕ ಗುಮಾಸ್ತರ ಊಟದ ಡಬ್ಬಿಯ ಮುಚ್ಚಳ ತೆರೆಯುವುದಿಲ್ಲ, ಡಾಕ್ಟರು ಎಷ್ಟು ರೇಗಿಸಿದರೂ ಅಷ್ಟೆ. ಕೆಲಸಕ್ಕೆ ಹೊಸಬರು ಸೇರಿದ ದಿನ ಮಾತ್ರ ಅವರು ಮೂರು ವರ್ಷದ ಹಿಂದಿನ ಹಾಜರಿ ಪುಸ್ತಕ ತೆಗೆಯುತ್ತಾರೆ. ಒಬ್ಬ ಹುಡುಗಿಯ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು, ಅದರ ಮುಂದೆ ನಾಲ್ಕು ವಾರ ಸಾಲಾಗಿ ಬರೆದಿರುವ 'ಗೈರುಹಾಜರು' ತೋರಿಸುತ್ತಾರೆ. ಐದನೇ ವಾರ ಬಂದದ್ದು ಆ ಹುಡುಗಿಯಲ್ಲ, ಅವಳು ಪ್ರಾಣ ಕಳೆದುಕೊಂಡ ಸುದ್ದಿ. ಫೋನು ಮಾಡುವ ನಿಯಮ ಬಂದದ್ದು ಆಮೇಲೆ. "ನನ್ನದೇನೂ ತಪ್ಪಿಲ್ಲ ಅಂದ್ರು ವಿಚಾರಣೆಯವರು. ಆಗಿನ ನಿಯಮದಂತೆ ಬರೆದಿದ್ದೆನಂತೆ" ಎನ್ನುತ್ತಾರೆ. ಆಮೇಲೆ ಆ ಅಕ್ಷರಗಳ ಮೇಲೆ ಬೆರಳಾಡಿಸಿ ಮೆಲ್ಲಗೆ ಹೇಳುತ್ತಾರೆ: "ನೋಡಿ, ನಾಲ್ಕು ಸಲಾನೂ ಎಷ್ಟು ದುಂಡಗೆ ಬರ್ದಿದೀನಿ."