ಬಲಗಡೆಯಿಂದ ಓದಿದ ಕಲ್ಲು

ಹುಮನಾಬಾದಿನ ಬಕ್ಕಪ್ಪನಿಗೆ ಕಣ್ಣು ಹದ್ದಿನ ಹಾಗೆ ಕಾಣುತ್ತಿತ್ತು. ಆದರೂ ಅವನು ಹೈದರಾಬಾದಿಗೆ ಹೋದಾಗ ರಸ್ತೆ ಬದಿಯಲ್ಲಿ ಒಂದು ಚಸ್ಮಾ ಕೊಂಡು ತಂದ. ಮೂಗಿನ ಮೇಲೆ ಇಟ್ಟರೆ ತಲೆ ಗಿರ್ರೆನ್ನುತ್ತಿತ್ತು. ಇಟ್ಟರಲ್ಲವೇ! ಅವನು ಅದನ್ನು ಕೊಂಡದ್ದೇ ಮನೆಯಲ್ಲಿ ಮರೆತು ಬರುವುದಕ್ಕೆ. ನಗಬೇಡಿ, ಆ ಚಸ್ಮಾ ಎಷ್ಟೋ ವರ್ಷ ಅವನ ಮಾನ ಕಾಯಿತು.

ವಿಷಯ ಏನೆಂದರೆ, ಬಕ್ಕಪ್ಪ ಓದಿದ್ದು ನಿಜಾಮರ ಕಾಲದ ಶಾಲೆಯಲ್ಲಿ. ಮನೆಯಲ್ಲಿ ಆಡುವ ಮಾತು ಕನ್ನಡ, ಬೀಳುವ ಕನಸು ಕನ್ನಡ, ಬೈಗುಳವಂತೂ ಅಪ್ಪಟ ಕನ್ನಡ. ಪಾಟಿಯ ಮೇಲೆ ಮಾತ್ರ ಉರ್ದು. ಓದು ಮುಗಿಯುತ್ತಲೇ ಕಚೇರಿಯಲ್ಲಿ ಗುಮಾಸ್ತನಾದ. ಅವನ ಉರ್ದು ಬರಹ ಎಷ್ಟು ಚಂದವೆಂದರೆ ಊರಿನ ಮುಸಲ್ಮಾನರೂ ಮದುವೆಯ ಕರೆಯೋಲೆ ಬರೆಸಲು ಅವನ ಮನೆಗೇ ಬರುತ್ತಿದ್ದರು. ಊರೆಲ್ಲ ಅವನನ್ನು ಮುನ್ಶಿ ಎಂದಿತು. ಐವತ್ತಾರರಲ್ಲಿ ಬೀದರ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದಾಗ ಜನ ಪೇಢೆ ಹಂಚಿದರು. ಬಕ್ಕಪ್ಪನೂ ಹಂಚಿದ. ಆಮೇಲೆ ನಿಧಾನಕ್ಕೆ ಅವನ ಮೇಜಿನ ಮೇಲೆ ಕನ್ನಡದ ಕಾಗದಗಳು ಬಂದು ಬೀಳತೊಡಗಿದವು. ಆಗ ಗೊತ್ತಾಯಿತು ನೋಡಿ ಪೇಢೆಯ ರುಚಿ. ತನ್ನ ತಾಯಿನುಡಿಯ ಒಂದು ಅಕ್ಷರವೂ ಅವನಿಗೆ ಓದಲು ಬರುತ್ತಿರಲಿಲ್ಲ.

ಬರುವುದಿಲ್ಲ ಎಂದು ಹೇಳಿದ್ದರೆ ಯಾರೂ ನೇಣಿಗೆ ಹಾಕುತ್ತಿರಲಿಲ್ಲ. ಅವನಂಥವರು ಆ ಸೀಮೆಯ ತುಂಬ ಇದ್ದರು. ಆದರೆ ಮುನ್ಶಿ ಎನ್ನಿಸಿಕೊಂಡವನಿಗೆ ಆ ಮಾತು ಹೇಳಲು ಮಾನ ಅಡ್ಡ ಬಂತು. "ಚಸ್ಮಾ ಮನ್ಯಾಗ ಮರ್ತೀನ್ರಿ, ಸ್ವಲ್ಪ ಓದಿ ಹೇಳ್ರಿ" ಎನ್ನುತ್ತ ಪಕ್ಕದವರಿಗೆ ಕಾಗದ ದಾಟಿಸಿದ. ಹಳೆಯ ಉರ್ದು ದಸ್ತಾವೇಜು ಓದಲು ಅವನೇ ಬೇಕಾಗಿದ್ದರಿಂದ ಯಾರೂ ಕೆದಕಲಿಲ್ಲ. ಮನೆಯಲ್ಲಂತೂ ಇನ್ನೊಂದು ನಾಟಕ. ಶ್ರಾವಣದ ಸಂಜೆಗಳಲ್ಲಿ ಶರಣರ ವಚನದ ಪುಸ್ತಕವನ್ನು, ತಾನು ಚಿಕ್ಕಂದಿನಿಂದ ಪುಸ್ತಕ ಹಿಡಿದ ರೀತಿಯಲ್ಲೇ ತೊಡೆಯ ಮೇಲಿಟ್ಟುಕೊಂಡು, ಹಾಳೆ ತಿರುವುತ್ತ ಗಟ್ಟಿಯಾಗಿ ಹೇಳುತ್ತಿದ್ದ. ಎಲ್ಲ ಅವನ ಅವ್ವ ಬಾಯಿಪಾಠ ಮಾಡಿಸಿದ್ದು. ಕೇಳುವವರು ಅವನ ಹೆಂಡತಿ ಸೂಗಮ್ಮ, ನೆರೆಮನೆಯ ಮಾಣಿಕಮ್ಮ. ಇಬ್ಬರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. "ಮುನ್ಶೇರು ಓದಿದ್ರ ಕಿವಿ ತಣ್ಣಗಾಗ್ತಾವ ನೋಡ್ರಿ" ಎಂದು ಮಾಣಿಕಮ್ಮ ಕೈಮುಗಿಯುತ್ತಿದ್ದಳು. ಬಕ್ಕಪ್ಪನಿಗೆ ಒಳಗೊಳಗೇ ಚುರ್ರೆನ್ನುತ್ತಿತ್ತು.

ಅರವತ್ತೆರಡರ ದೀಪಾವಳಿಗೆ ಮುಂಚೆ ಕಚೇರಿಗೆ ಹುಕುಂ ಬಂತು. ಸಂಕ್ರಾಂತಿಯಾದ ಮೇಲೆ ಬೀದರದಲ್ಲಿ ಕನ್ನಡದ ಪರೀಕ್ಷೆ, ಪಾಸಾಗದವರಿಗೆ ನೌಕರಿ ಇಲ್ಲ. ಬಕ್ಕಪ್ಪನ ಎದೆ ಒಡೆದುಹೋಯಿತು. ತಲೆಯಲ್ಲಿ ಬಿಳಿ ಕೂದಲು ಮೂಡಿದ ಮೇಲೆ ಯಾರ ಮುಂದೆ ಕೂತು ಅ ಆ ಇ ಈ ತಿದ್ದುವುದು? ಹಬ್ಬದ ರಜೆ ಮುಗಿದ ದಿನವೇ ಕಣ್ಣು ಮಂಜಾಯಿತು ಎಂದು ನೆವ ಹೇಳಿ ನೌಕರಿ ಬಿಟ್ಟುಬಿಡುವುದೆಂದು ನಿರ್ಧಾರ ಮಾಡಿದ. ಉಣ್ಣುವುದು ಹೇಗೆ ಎಂಬುದಕ್ಕೆ ಅವನ ಹತ್ತಿರ ಉತ್ತರವಿರಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಅಂಥ ಹೊತ್ತಿನಲ್ಲಿ ಗೌಸ ಬಂದ. ಗೌಸ ಎಂದರೆ ಅವನ ಓಣಿಯ ಬಾಲ್ಯದ ಗೆಳೆಯ, ಟಾಂಗಾ ಹೊಡೆಯುವವನು. ಹಲ್ಲು ಬೀಳುವ ವಯಸ್ಸಿನಲ್ಲೇ ಅಪ್ಪ ಅವನನ್ನು ಟಾಂಗಾದ ಮೇಲೆ ಕೂರಿಸಿದ್ದರಿಂದ ಶಾಲೆ ಎಂಬುದೇ ಗೊತ್ತಿಲ್ಲ. ಹೈದರಾಬಾದಿನಿಂದ ತಮ್ಮ ಶಂಶುದ್ದೀನ್ ಉರ್ದುವಿನಲ್ಲಿ ಬರೆದ ಕಾಗದ ಬಂದರೆ ಸೀದಾ ಬಕ್ಕಪ್ಪನ ಕಟ್ಟೆಗೆ ಬಂದು, "ಓದಪಾ ಮುನ್ಶೀಜಿ, ಆ ಬದ್ಮಾಶ ಏನ್ ಬರದಾನ" ಎಂದು ಕಾಲು ಚಾಚಿ ಕೂರುತ್ತಿದ್ದ. ಆದರೆ ಕನ್ನಡ ಮಾತ್ರ ಅವನಿಗೆ ಓದಲು ಬರುತ್ತಿತ್ತು! ಬಸ್ ನಿಲ್ದಾಣದ ಮುಂದೆ ಸವಾರಿ ಕಾಯುತ್ತ, ಬಸ್ಸಿನ ಬೋರ್ಡು, ಅಂಗಡಿಯ ಬೋರ್ಡು, ಸಿನಿಮಾದ ಪೋಸ್ಟರು ನೋಡಿ ನೋಡಿ ತಾನಾಗಿ ಕಲಿತದ್ದು. ಅದನ್ನು ನೋಡಿದಾಗಲೆಲ್ಲ ಬಕ್ಕಪ್ಪನಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

"ಕುದುರಿ ಗೊರಸು ಸೀಳ್ಯಾದ, ನಾಲ್ಕು ದಿನ ಬಿಡು ಅಂದಾನ ಲಾಳ ಹೊಡಿಯಾವ," ಎಂದ ಗೌಸ. "ಕುದುರಿಗೂ ರಜಾ, ನಂಗೂ ರಜಾ, ನಿಂಗೂ ರಜಾ. ನಡೀ, ಕಲ್ಯಾಣದ ಕಿಲ್ಲಾ ನೋಡಿ ಬರೂಣು. ಒಂದ ಗಂಟೆ ಹಾದ್ಯಾಗ ಇದ್ದೂ ಒಮ್ಮೆನೂ ನೋಡಿಲ್ಲಲ್ಲೋ."

ಬಕ್ಕಪ್ಪ ಒಲ್ಲೆ ಎಂದ. ಸೂಗಮ್ಮ ಒಳಗಿನಿಂದಲೇ, "ಹೋಗಿ ಬರ್ರಿ, ಮಾರಿ ಸುಟ್ಟ ಬದನೀಕಾಯಿ ಆಗ್ಯಾದ" ಎಂದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಗಂಟನ್ನು ಗೌಸನ ಕೈಗೇ ಕೊಟ್ಟಳು.

ಬಸ್ಸು ಹತ್ತಿ ಹೋದರೆ, ಕಲ್ಯಾಣದ ಕೋಟೆಯಲ್ಲಿ ಹಬ್ಬದ ಜನ ಅಲ್ಲಲ್ಲಿ ಓಡಾಡುತ್ತಿದ್ದರು. ಒಂದು ಕಾಲಕ್ಕೆ ದೊಡ್ಡ ರಾಜಧಾನಿಯಾಗಿದ್ದ ಊರು. ಈಗ ಬಿದ್ದ ಗೋಡೆಗಳ ನಡುವೆ ಸೀತಾಫಲದ ಗಿಡ, ಮೇಯುವ ಆಡು, ಗಿಳಿಗಳ ಗಲಾಟೆ. ಕೆತ್ತನೆಯ ಕಲ್ಲುಗಳನ್ನು ಯಾವುದೋ ಕಾಲಕ್ಕೆ ಯಾರೋ ಸಿಕ್ಕ ಹಾಗೆ ಗೋಡೆಗೆ ಸೇರಿಸಿದ್ದರು. ಒಂದು ಕಡೆ ಕೆತ್ತಿದ ಆನೆ ಅಡ್ಡ ಮಲಗಿತ್ತು. ಗೌಸ ಹಳೆಯ ಫಿರಂಗಿಯ ಮೇಲೆ ಹತ್ತಿ ಕುಳಿತು ಕುದುರೆಗೆ ಹೇಳುವ ಹಾಗೆ "ಚಲ್ ಬೇಟಾ" ಎಂದ. ಎಷ್ಟೋ ದಿನದ ಮೇಲೆ ಬಕ್ಕಪ್ಪ ನಕ್ಕ. ರಾಜರ ನೌಕರಿಯೇ ಹೋದ ಜಾಗದಲ್ಲಿ ನನ್ನದೇನು ಮಹಾ ಎಂದು ಸ್ವಲ್ಪ ಸಮಾಧಾನವೂ ಆಯಿತು.

ಅಷ್ಟರಲ್ಲಿ ಒಂದು ಮೂಲೆಯಿಂದ ಕರೆ ಬಂತು. ಕೊಹಿನೂರ ಎಂಬ ಹಳ್ಳಿಯಿಂದ ಬಂದಿದ್ದ ಒಂದು ಒಕ್ಕಲು ಮನೆತನ, ಅಕ್ಷರ ಕೆತ್ತಿದ ಕಲ್ಲೊಂದರ ಸುತ್ತ ನಿಂತಿತ್ತು. ಹಿರಿಯ ಮಹಾರುದ್ರಪ್ಪ, ಬಕ್ಕಪ್ಪನ ಕೋಟು, ಜೇಬಿನ ಪೆನ್ನು ನೋಡಿ ಕೈಮುಗಿದ. "ಸಾಹೇಬ್ರ, ನೀವು ಓದಿದವ್ರು ಕಾಣ್ತೀರಿ. ನಮ್ಮ ಹಿರೇರ ಕಾಲದ್ದು ಇದು. ಏನ್ ಬರದಾರ, ಜರಾ ಹೇಳ್ರಲ್ಲ."

ಬಕ್ಕಪ್ಪ ಜೇಬು ತಡಕಿದ. "ಅಯ್ಯಯ್ಯ, ಚಸ್ಮಾ ಮನ್ಯಾಗೇ ಉಳೀತಲ್ರಿ."

"ಫಿಕರ್ ಮಾಡಬ್ಯಾಡ!" ಗೌಸ ಬುತ್ತಿಯ ಗಂಟು ಬಿಚ್ಚಿ ಚಸ್ಮಾ ತೆಗೆದು ಹಿಡಿದ. "ಇವರು ಮರೀತಾರ, ನೀವು ಇಟ್ಕೋರಿ ಅಂತ ಭಾಭಿ ಕೊಟ್ಟಾರ."

ಬಕ್ಕಪ್ಪನಿಗೆ ತಪ್ಪಿಸಿಕೊಳ್ಳಲು ಹಾದಿಯಿಲ್ಲ. ಚಸ್ಮಾ ಏರಿಸಿದ, ಕಲ್ಲು, ಜನ, ಆಕಾಶ ಎಲ್ಲ ತೂರಾಡಿದವು. ಕಲ್ಲಿನ ಮೇಲೆ ಬೆರಳಿಟ್ಟು, ಕೀರ್ತನೆಯಲ್ಲಿ ಕೇಳಿದ್ದನ್ನು ನೆನೆಸಿಕೊಂಡು ಶುರುಮಾಡಿದ. "ಇದು ಅರಸರ ಕಾಲದ್ದು. ಗುಡಿ ದೀಪಕ್ಕ ರಾಜಾ ಭೂಮಿ ಬಿಟ್ಟಾನ. ಇದನ್ನ ಕೆಡಿಸಿದವ್ರಿಗೆ ಕಾಶ್ಯಾಗ ಆಕಳಾ ಕೊಂದ ಪಾಪ ಬರ್ತದ." ಬೆರಳು ಸಾಲಿನ ಮೇಲೆ ಸಲೀಸಾಗಿ ಓಡುತ್ತಿತ್ತು. ಹೆಂಗಸರು ಕೈಮುಗಿದರು, ಒಬ್ಬಳು ತಲೆಯ ಹೂವು ತೆಗೆದು ಕಲ್ಲಿಗಿಟ್ಟಳು. ಮುದುಕ ಕಣ್ಣೊರೆಸಿಕೊಂಡ. ಎಲ್ಲರೂ ಮುಂದೆ ಹೋದರು.

ಗೌಸ ಹೋಗಲಿಲ್ಲ. ಸೀತಾಫಲದ ಬೀಜ ಉಗುಳಿ ಮೆಲ್ಲಗೆ ಕೇಳಿದ. "ಮುನ್ಶೀಜಿ, ಕನ್ನಡಾ ಯಾವಾಗಿಂದ ಬಲಗಡಿಂದ ಎಡಕ್ಕ ಹೊಂಟದ?"

ಬಕ್ಕಪ್ಪ ತನ್ನ ಬೆರಳು ನೋಡಿಕೊಂಡ. ಅದು ಕಲ್ಲಿನ ಎಡತುದಿಯಲ್ಲಿ ನಿಂತಿತ್ತು. ಹುಟ್ಟಾ ಉರ್ದು ಓದಿದ ಬೆರಳು, ಬಲದಿಂದ ಹೊರಟು ಎಡಕ್ಕೆ ಬಂದು ಮುಟ್ಟಿತ್ತು. ಅವನು ಅಲ್ಲೇ ಮುರುಕು ಮೆಟ್ಟಿಲ ಮೇಲೆ ಕುಸಿದು ಕುಳಿತ. "ಬರಲ್ಲ ಗೌಸ. ಒಂದ ಅಕ್ಷರಾನೂ ಬರಲ್ಲ," ಎಂದ. ಆಮೇಲೆ ಕಟ್ಟೆ ಒಡೆದ ಹಾಗೆ ಎಲ್ಲ ಹೇಳಿದ: ಚಸ್ಮಾ, ವಚನದ ಪುಸ್ತಕ, ಬೀದರದ ಪರೀಕ್ಷೆ, ರಜೆ ಮುಗಿದ ದಿನ ಬಿಡಬೇಕೆಂದಿದ್ದ ನೌಕರಿ.

ಗೌಸ ನಗುತ್ತಾನೆ ಎಂದುಕೊಂಡಿದ್ದ. ಗೌಸನಿಗೆ ಸಿಟ್ಟು ಬಂತು. "ಎಷ್ಟ ವರ್ಷದಿಂದ ತಮ್ಮನ ಕಾಗದ ನಿನ್ನ ಕಡಿಂದ ಓದಿಸ್ಕೊಳ್ಳಾಕತ್ತೀನಿ? ಮನಿ ಜಗಳ, ಅವನ ಹೆಂಡ್ತಿ ಬೈದಿದ್ದು, ಎಲ್ಲಾ ನಿನ್ನ ಬಾಯಿಲೇ ಕೇಳೀನಿ. ಒಂದ ದಿನ ನಾಚಿಕಿ ಪಟ್ಟೀನಾ? ನೀ ಯಾಕ ನನ್ನ ಮುಂದ ನಾಚಿದಿ? ಟಾಂಗಾ ಹೊಡಿಯಾವ್ಗ ಏನ್ ಕೇಳೋದು ಅಂತನಾ?"

ಆ ಮಾತು ನೆಟ್ಟಗೆ ಹೋಗಿ ನಾಟಿತು, ಯಾಕೆಂದರೆ ಅದು ನಿಜವಾಗಿತ್ತು. ಬಕ್ಕಪ್ಪನ ಕಣ್ಣಲ್ಲಿ ನೀರು ಬಂತು. "ಹೌದು. ಅದಕ್ಕೇ," ಎಂದ. ಹೇಳಿದ ಮೇಲೆ ಎದೆಯ ಮೇಲಿನ ಚಪ್ಪಡಿ ಯಾರೋ ಎತ್ತಿ ಬದಿಗಿಟ್ಟಂತಾಯಿತು. ಗೌಸ ಸ್ವಲ್ಪ ಹೊತ್ತು ಗೊಣಗಿದ, ಆಮೇಲೆ ಪಕ್ಕದಲ್ಲಿ ಕೂತು ರೊಟ್ಟಿ ಮುರಿದು ಕೊಟ್ಟ.

"ಹಂಗಾರ ನೀ ಓದು, ಆ ಕಲ್ಲಿನ್ಯಾಗ ಏನದ?" ಎಂದ ಬಕ್ಕಪ್ಪ.

ಗೌಸ ಎದ್ದು ಕಲ್ಲಿಗೆ ಮೂಗು ಹಚ್ಚಿ ನೋಡಿದ, ತಲೆ ಕೆರೆದುಕೊಂಡ. "ಯಾ ಅಲ್ಲಾ! ಇದು ಬಸ್ಸಿನ ಕನ್ನಡಾ ಅಲ್ಲೋ. ನಂಗೂ ಬರಲ್ಲ!" ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಗಿಳಿಗಳೆಲ್ಲ ಗಾಬರಿಬಿದ್ದು ಎದ್ದು ಹೋದವು.

ಊಟವಾದ ಮೇಲೆ ಗೌಸ ಕಡ್ಡಿ ತಗೊಂಡು ಧೂಳಿನಲ್ಲಿ ತಮ್ಮ ಊರಿನ ಹೆಸರು ಬರೆದ. ಒಂದೊಂದೇ ಅಕ್ಷರ ಗುರುತು ಹಿಡಿಸಿದ. ಬಕ್ಕಪ್ಪ ತಿದ್ದಿದ, ಅಳಿಸಿದ, ಮತ್ತೆ ತಿದ್ದಿದ. ಯಾರಾದರೂ ನೋಡುತ್ತಾರೆಂಬ ಭಯ ಎಲ್ಲಿಗೆ ಹೋಯಿತೋ ಅವನಿಗೇ ತಿಳಿಯಲಿಲ್ಲ.

ಬಸ್ ನಿಲ್ದಾಣಕ್ಕೆ ಬಂದರೆ ಅದೇ ಮಹಾರುದ್ರಪ್ಪ ಮನೆಯವರೊಂದಿಗೆ ಕುಳಿತಿದ್ದ. ಬಕ್ಕಪ್ಪ ಸೀದಾ ಅವನ ಮುಂದೆ ಹೋಗಿ ನಿಂತ. "ಯಜಮಾನ್ರ, ನಾ ಆಗ ಹೇಳಿದ್ದು ಸುಳ್ಳು. ನಂಗ ಕನ್ನಡಾ ಓದಾಕ ಬರಲ್ರಿ."

ಮುದುಕ ಕಣ್ಣು ಪಿಳಿಪಿಳಿ ಬಿಟ್ಟ. "ನಮಗೂ ಬರಲ್ಲ ಬಿಡ್ರಿ," ಎಂದು ಪಕ್ಕಕ್ಕೆ ಸರಿದು ಕೂರಲು ಜಾಗ ಕೊಟ್ಟ. ಇಷ್ಟೇ ಆದದ್ದು. ಇಷ್ಟಕ್ಕೆ ಎಷ್ಟು ವರ್ಷ ಒದ್ದಾಡಿದೆ ಎಂದು ಬಕ್ಕಪ್ಪನಿಗೆ ತನ್ನ ಮೇಲೇ ನಗು ಬಂತು.

ಎರಡು ಬಸ್ಸು ನಿಂತಿದ್ದವು. "ಯಾವುದು ನಮ್ಮೂರಿಂದು, ನೀನ ಹೇಳು. ತಪ್ಪಿದಿ ಅಂದ್ರ ಭಾಲ್ಕಿಗೆ ಹೋಗಿ ಮಲಗೋದು," ಎಂದ ಗೌಸ. ಬಕ್ಕಪ್ಪ ಬೋರ್ಡಿಗೆ ಬೆರಳೆತ್ತಿದ. ಬೆರಳು ಮತ್ತೆ ಬಲತುದಿಗೇ ಹೋಯಿತು. ಗೌಸ ಅದರ ಮೇಲೆ ಪಟ್ಟನೆ ಹೊಡೆದ. ಎಡದಿಂದ ಶುರುವಾಯಿತು. "ಹು... ಮ... ನಾ..." ಕಂಡಕ್ಟರು, "ಹತ್ತತೀರೋ, ಇಲ್ಲೇ ಶಾಲಿ ನಡಸ್ತೀರೋ?" ಎಂದು ಸೀಟಿ ಊದಿದ. ಬಕ್ಕಪ್ಪ ಉಳಿದ ಎರಡು ಅಕ್ಷರವನ್ನು ಜೋರಾಗಿ ಕೂಗಿ ಓಡಿ ಹತ್ತಿದ.

ರಜೆ ಮುಗಿದ ದಿನ ಅವನು ನೌಕರಿ ಬಿಡಲಿಲ್ಲ. ಆ ಚಳಿಗಾಲವೆಲ್ಲ ಸಂಜೆಗೆ ಬಸ್ ನಿಲ್ದಾಣದ ಮುಂದೆ ಗೌಸನ ಟಾಂಗಾದಲ್ಲಿ ಕುಳಿತು ಬೋರ್ಡು ಓದಿದ. ಊರು ನೋಡಿತು, ಎರಡು ದಿನ ಆಡಿಕೊಂಡಿತು, ಮೂರನೆಯ ದಿನ ಬೇರೆ ಕೆಲಸ ನೋಡಿಕೊಂಡಿತು. ಪರೀಕ್ಷೆ ಬರೆದ, ಯುಗಾದಿಯ ಹೊತ್ತಿಗೆ ಪಾಸಾದ ಸುದ್ದಿ ಬಂತು. ಮುಂದೆ ನಿವೃತ್ತಿಯಾಗುವವರೆಗೂ ಆ ಕಚೇರಿಯಲ್ಲಿ ಎಡದಿಂದಲೂ ಬಲದಿಂದಲೂ ಓದಬಲ್ಲ ಗುಮಾಸ್ತ ಅವನೊಬ್ಬನೇ ಆಗಿದ್ದ. ಅವನ ವಯಸ್ಸು ಎಂಬತ್ತು ದಾಟಿದ ಮೇಲೂ ಜನ ಅಜ್ಜನ ಕಾಲದ ದಸ್ತಾವೇಜು ಹಿಡಿದು ಅವನ ಕಟ್ಟೆಗೆ ಬರುತ್ತಿದ್ದರು. ಆಗ ಅವನಿಗೆ ಚಸ್ಮಾ ನಿಜವಾಗಿಯೂ ಬೇಕಾಗಿತ್ತು.

ಆದರೆ ಪಾಸಾದ ಸುದ್ದಿ ಬಂದ ಆ ಸಂಜೆಯ ಮಾತು ಹೇಳಲೇಬೇಕು. ಬಕ್ಕಪ್ಪ ಮನೆಗೆ ಬಂದವನೇ ಗೂಡಿನಿಂದ ವಚನದ ಪುಸ್ತಕ ತೆಗೆದು, ಪಡಸಾಲೆಯಲ್ಲಿ ಕುಳಿತು ಬಿಚ್ಚಿದ. ಸೂಗಮ್ಮ ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟು ಅವನನ್ನೇ ನೋಡಿದಳು.

"ಇವತ್ತ ಪುಸ್ತಕ ಸರಿ ಬಾಜುದಿಂದ ತೆಗದೀರಿ," ಎಂದಳು.

ಬಕ್ಕಪ್ಪನ ಕೈ ಅಲ್ಲೇ ನಿಂತಿತು. "ನಿಂಗ ಗೊತ್ತಿತ್ತೇನು?"

"ಮಾಣಿಕಮ್ಮನ ಮೊಮ್ಮಗಳು ಪುಸ್ತಕ ತೆಗಿಯೋದು ದಿನಾ ನೋಡ್ತೀನಿ. ನೀವು ಹಿಂದಿಂದ ತೆಗೀತಿದ್ರಿ. ನಾ ಓದು ಬರದಾಕಿ, ಕುರುಡಿ ಅಲ್ರಿ."

"ಮತ್ತ ಯಾಕ ಸುಮ್ಮನಿದ್ದಿ?"

"ನಾ ಕೇಳಿದ್ರ ಒಪ್ಕೋತಿದ್ರೇನು? ಇನ್ನೊಂದು ಚಸ್ಮಾ ತರ್ತಿದ್ರಿ." ಸೂಗಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ನೌಕರಿ ಬಿಡ್ತೀನಿ, ಬಿಡ್ತೀನಿ ಅಂತ ನಿದ್ದ್ಯಾಗ ಬಡಬಡಿಸಾಕತ್ತಿದ್ರಿ. ನಂಗ ಅನ್ನ ಸೇರಲಿಲ್ಲ. ಗೌಸಭಾಯಿ ಮುಂದಾದ್ರೂ ಬಾಯಿ ಬಿಡ್ಲಿ ಅಂತ ಚಸ್ಮಾ ಅವರ ಕೈಯಾಗ ಕೊಟ್ಟು ಕಳಿಸಿದ್ದು ನಾನ."

ಸೂಗಮ್ಮ ಮೊರ ದೂಡಿ ಗಂಡನ ಪಕ್ಕಕ್ಕೆ ಬಂದು ಕುಳಿತಳು, ಜೋಳದ ಹುಡಿ ಮೆತ್ತಿದ ಬೆರಳನ್ನು ಮುಂದೆ ಚಾಚಿದಳು. "ಈಗ ನಂಗ ತೋರಸ್ರಿ. ಎಲ್ಲಿಂದ ಶುರು ಮಾಡಬೇಕು?"

ಅವನು ಆ ಬೆರಳು ಹಿಡಿದು ಮೊದಲ ಸಾಲಿನ ಎಡತುದಿಯಲ್ಲಿ ಇಟ್ಟ.